ಸ್ಕ್ವಾಷ್ ಇರುವ ಹೈಸ್ಕೂಲ್ ಹುಡುಕುವಾಗ: ಕೋರ್ಟ್ ಎಣಿಸಿ, ಮಕ್ಕಳನ್ನೂ ಎಣಿಸಿ

ಅಮೆರಿಕದ ಖಾಸಗಿ ಹೈಸ್ಕೂಲೊಂದು ತನ್ನ ಚಳಿಗಾಲದ ಆಟಗಳ ಪಟ್ಟಿಯಲ್ಲಿ ‘ಸ್ಕ್ವಾಷ್’ (ನಾಲ್ಕು ಗೋಡೆಯ ಕೋರ್ಟಿನಲ್ಲಿ ರಾಕೆಟ್ ಹಿಡಿದು ಚೆಂಡನ್ನು ಗೋಡೆಗೆ ಹೊಡೆದು ಆಡುವ ಆಟ) ಎಂದು ಬರೆದುಕೊಂಡಿದೆ ಅಂದರೆ ಅದರಿಂದ ನಿಮಗೆ ತಿಳಿಯುವುದು ಬಹಳ ಕಡಿಮೆ. ಸ್ವಂತ ಕಟ್ಟಡ, ಹತ್ತು ಕೋರ್ಟು, ವರ್ಷವಿಡೀ ಇರುವ ಕೋಚ್ ಇದ್ದ ಶಾಲೆಯೂ ಹಾಗೆ ಬರೆಯುತ್ತದೆ. ಜಿಮ್ಮಿನ ಹಿಂಬದಿಯಲ್ಲಿ ಎರಡು ಹಳೇ ಕೋರ್ಟು ಇದ್ದು, ಇತಿಹಾಸ ಪಾಠ ಮಾಡುವ ಮೇಷ್ಟ್ರೇ ಸಂಜೆ ಬಂದು ತಂಡ ನೋಡಿಕೊಳ್ಳುವ ಶಾಲೆಯೂ ಹಾಗೇ ಬರೆಯುತ್ತದೆ. ಕೋರ್ಟೇ ಇಲ್ಲದೆ ಮಕ್ಕಳನ್ನು ವ್ಯಾನಿನಲ್ಲಿ ಹತ್ತಿರದ ಕ್ಲಬ್ಬಿಗೆ ಕರೆದೊಯ್ಯುವ ಶಾಲೆಯೂ ಅಷ್ಟೇ. ಮಗ ಅಥವಾ ಮಗಳು ಸ್ಕ್ವಾಷ್ ಆಡುತ್ತಾರೆ, ಒಂಬತ್ತನೇ ತರಗತಿಗೆ ಶಾಲೆ ಹುಡುಕಬೇಕು ಅನ್ನುವ ತಂದೆ ತಾಯಿ ಮೊದಲು ನೋಡುವುದು ಕಳೆದ ವರ್ಷ ತಂಡ ಎಷ್ಟನೇ ಸ್ಥಾನಕ್ಕೆ ಬಂತು ಅನ್ನುವುದನ್ನು. ನನ್ನ ಮಟ್ಟಿಗೆ ಅದು ನಾಲ್ಕನೆಯದೋ ಐದನೆಯದೋ ಪ್ರಶ್ನೆ. ಮೊದಲ ಪ್ರಶ್ನೆ ಬೇರೆ: ನಿಮ್ಮ ಮಗು ವಾರಕ್ಕೆ ಎಷ್ಟು ನಿಮಿಷ ಕೋರ್ಟಿನ ಒಳಗೆ ಇರುತ್ತದೆ?

ಅದಕ್ಕೆ ಮುಂಚೆ ಭೂಗೋಳದ ಮಾತು ಚುಟುಕಾಗಿ. ಈ ಆಟ ಹುಟ್ಟಿದ್ದು ಇಂಗ್ಲೆಂಡಿನ ಹ್ಯಾರೋ ಶಾಲೆಯಲ್ಲಿ. ಅಮೆರಿಕಕ್ಕೆ ಬಂದಾಗಲೂ ಮೊದಲು ಕಾಲಿಟ್ಟಿದ್ದು ಶಾಲೆಗೇ. 1884ರಲ್ಲಿ ನ್ಯೂ ಹ್ಯಾಂಪ್‌ಶೈರಿನ ಕಾಂಕರ್ಡಿನಲ್ಲಿರುವ ಸೇಂಟ್ ಪಾಲ್ಸ್ ಶಾಲೆ ಈ ದೇಶದ ಮೊದಲ ಕೋರ್ಟುಗಳನ್ನು ಕಟ್ಟಿಸಿತು. ಇವತ್ತಿಗೂ ಸ್ಕ್ವಾಷ್ ಗಟ್ಟಿಯಾಗಿ ಬೇರೂರಿರುವುದು ಈಶಾನ್ಯದಲ್ಲೇ: ನ್ಯೂ ಇಂಗ್ಲೆಂಡಿನ ಬೋರ್ಡಿಂಗ್ ಶಾಲೆಗಳು, ಕನೆಕ್ಟಿಕಟ್‌ನ ಗ್ರೆನಿಚ್ ಸುತ್ತಮುತ್ತ, ನ್ಯೂಯಾರ್ಕ್ ನಗರ, ಫಿಲಡೆಲ್ಫಿಯಾದ ಡೇ ಸ್ಕೂಲುಗಳು. ಗ್ರೆನಿಚ್‌ನ ಬ್ರನ್ಸ್‌ವಿಕ್ (ಹುಡುಗರದು), ಗ್ರೆನಿಚ್ ಅಕಾಡೆಮಿ (ಹುಡುಗಿಯರದು), ಫಿಲಡೆಲ್ಫಿಯಾ ಹೊರವಲಯದ ಹ್ಯಾವರ್‌ಫರ್ಡ್ ಇಂಥವು ರಾಷ್ಟ್ರಮಟ್ಟದಲ್ಲಿ ಗೆದ್ದು ಹೆಸರಾದವು. ಬೇರೆ ಕಡೆಯೂ ಒಳ್ಳೆಯ ತಂಡಗಳಿವೆ, ಆದರೆ ಒಂದೂವರೆ ಗಂಟೆ ದಾರಿಯೊಳಗೆ ಹತ್ತಾರು ಎದುರಾಳಿ ಶಾಲೆಗಳು ಸಿಗುವುದು ಈ ಪಟ್ಟಿಯಲ್ಲಿ ಮಾತ್ರ. ಎದುರಾಳಿ ಇಲ್ಲದ ಕಡೆ ಎಷ್ಟು ಚೆಂದದ ಕೋರ್ಟ್ ಇದ್ದರೂ ಆಟ ಬೆಳೆಯುವುದಿಲ್ಲ.

ಈಗ ನಿಮಿಷಗಳ ಲೆಕ್ಕ. ಒಂದು ಶಾಲೆಯಲ್ಲಿ ನಾಲ್ಕು ಕೋರ್ಟು ಇದೆ ಅಂದುಕೊಳ್ಳಿ. ಹುಡುಗರ ವಾರ್ಸಿಟಿ (ಶಾಲೆಯ ಮೊದಲ ತಂಡ), ಜೆವಿ (ಎರಡನೇ ತಂಡ), ಹುಡುಗಿಯರ ವಾರ್ಸಿಟಿ, ಜೆವಿ ಎಲ್ಲ ಸೇರಿ ನಲವತ್ತು ಮಕ್ಕಳು. ತರಗತಿ ಮುಗಿದು ಮೂರೂವರೆಯಿಂದ ಆರರವರೆಗೆ ಅಭ್ಯಾಸ, ಅಂದರೆ 150 ನಿಮಿಷ. ಒಂದು ಕೋರ್ಟಿನಲ್ಲಿ ಒಮ್ಮೆಗೆ ಇಬ್ಬರು ಆಡಿದರೆ ಒಟ್ಟು 1,200 ನಿಮಿಷ ಸಿಗುತ್ತದೆ; ತಲೆಗೆ 30 ನಿಮಿಷ. ಬುಧವಾರ ಮತ್ತು ಶನಿವಾರ ಮ್ಯಾಚಿನ ದಿನ. ಉಳಿದ ನಾಲ್ಕು ದಿನ ಅಭ್ಯಾಸ ಅಂದರೆ ವಾರಕ್ಕೆ ಎರಡು ಗಂಟೆ. ಸೀಸನ್ ನವೆಂಬರ್ ಕೊನೆಯಿಂದ ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲ ವಾರದವರೆಗೆ. ಡಿಸೆಂಬರ್ ರಜೆ ಕಳೆದರೆ ಉಳಿಯುವುದು ಸುಮಾರು ಹತ್ತು ವಾರ. ಒಟ್ಟು 20 ಗಂಟೆ. ಬೇಸಿಗೆಯಲ್ಲಿ ಐದು ದಿನದ ಒಂದು ಕ್ಯಾಂಪಿಗೆ ಹೋದರೂ ಹೆಚ್ಚು ಕಡಿಮೆ ಅಷ್ಟೇ ಸಮಯ ಸಿಗುತ್ತದೆ.

ಅದೇ ನಲವತ್ತು ಮಕ್ಕಳಿಗೆ ಎಂಟು ಕೋರ್ಟು ಇದ್ದರೆ ಲೆಕ್ಕ ಇಮ್ಮಡಿ. ನಾಲ್ಕೇ ಕೋರ್ಟಿದ್ದು ಮಕ್ಕಳು ಹದಿನಾರು ಇದ್ದರೆ ಎರಡೂವರೆ ಪಟ್ಟು. ಹಾಗಾಗಿ ‘ನಮ್ಮಲ್ಲಿ ಹತ್ತು ಕೋರ್ಟಿದೆ’ ಅನ್ನುವ ಮಾತಿಗೆ ಮರುಳಾಗಬೇಡಿ, ‘ನಾಲ್ಕೇ ಇರುವುದು’ ಅಂದಾಗ ಮೂಗೂ ಮುರಿಯಬೇಡಿ. ಭಾಗಾಕಾರ ಮಾಡಿ. ಡ್ರಿಲ್ ಮಾಡಿಸುವಾಗ ಕೋಚ್ ಒಂದು ಕೋರ್ಟಿಗೆ ಮೂವರನ್ನೋ ನಾಲ್ವರನ್ನೋ ಹಾಕುತ್ತಾರೆ, ಅದೂ ನಿಜವಾದ ಅಭ್ಯಾಸವೇ. ಹೊರಗೆ ಕಾಯುವವರಿಗೆ ಗೋಸ್ಟಿಂಗ್ (ಚೆಂಡಿಲ್ಲದೆ ಆಟದ ಹೆಜ್ಜೆಗಳ ಅಭ್ಯಾಸ), ಸ್ಕಿಪ್ಪಿಂಗ್, ಜಿಮ್ ಕೊಟ್ಟರೆ ಆ ಸಮಯ ವ್ಯರ್ಥವಲ್ಲ. ಆದರೆ ಬಾಲ್ಕನಿಯಲ್ಲಿ ಸಾಲಾಗಿ ಕೂತು ಫೋನ್ ನೋಡುತ್ತಿದ್ದರೆ ಅದು ಅಭ್ಯಾಸದ ಲೆಕ್ಕಕ್ಕೆ ಬರುವುದಿಲ್ಲ, ಶಾಲೆಯ ವೇಳಾಪಟ್ಟಿ ಏನೇ ಹೇಳಲಿ.

ಈ ಲೆಕ್ಕ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ ಅನ್ನುವುದು ಮುಂದಿನ ವಿಷಯ. ಶಾಲೆಗಳ ನಡುವಿನ ಮ್ಯಾಚಿನಲ್ಲಿ ಸಾಮಾನ್ಯವಾಗಿ ಏಳು ಜನರ ಫಲಿತಾಂಶ ಲೆಕ್ಕಕ್ಕೆ ಬರುತ್ತದೆ: ಒಂದನೇ ನಂಬರಿನವರು ಒಂದನೇ ನಂಬರಿನವರ ಜೊತೆ, ಏಳನೆಯವರು ಏಳನೆಯವರ ಜೊತೆ. ನಾಲ್ಕು ಗೆದ್ದ ತಂಡಕ್ಕೆ ಮ್ಯಾಚ್. ಎಂಟರಿಂದ ಹತ್ತರವರೆಗಿನವರು ಸಮಯ ಇದ್ದರೆ ಎಕ್ಸಿಬಿಷನ್ (ಲೆಕ್ಕಕ್ಕೆ ಬಾರದ ಆಟ) ಆಡುತ್ತಾರೆ. ಈ ಕ್ರಮಾಂಕಕ್ಕೆ ಲ್ಯಾಡರ್ ಅನ್ನುತ್ತಾರೆ. ಕೆಳಗಿನವರು ಮೇಲಿನವರಿಗೆ ಚಾಲೆಂಜ್ ಹಾಕಿ ಗೆದ್ದರೆ ಸ್ಥಾನ ಬದಲು. ದೊಡ್ಡ ತಂಡಗಳಲ್ಲಿ ಮೂರೂವರೆಯ ಒಳ್ಳೇ ಪಾಳಿ ವಾರ್ಸಿಟಿಗೆ, ರಾತ್ರಿ ಊಟದ ನಂತರದ್ದೋ ಬೆಳಗಿನ ಜಾವದ್ದೋ ಜೆವಿಗೆ. ಅಂದರೆ ರಾಷ್ಟ್ರೀಯ ಚಾಂಪಿಯನ್ ಶಾಲೆಯ ಹದಿನೈದನೇ ನಂಬರಿಗಿಂತ ಸಾಧಾರಣ ಶಾಲೆಯ ಐದನೇ ನಂಬರಿನ ಮಗುವಿಗೆ ಕೋರ್ಟೂ ಹೆಚ್ಚು, ಕೋಚಿನ ಗಮನವೂ ಹೆಚ್ಚು, ಮ್ಯಾಚುಗಳೂ ಹೆಚ್ಚು. ಇದು ಕೇಳಲು ಸಪ್ಪೆ, ಆದರೆ ಸ್ಕ್ವಾಷ್ ವಿಷಯದಲ್ಲಿ ಶಾಲೆ ಆಯ್ಕೆ ಕೆಡುವುದು ಹೆಚ್ಚಾಗಿ ಇಲ್ಲೇ.

ಮಗು ಲ್ಯಾಡರಿನಲ್ಲಿ ಎಲ್ಲಿ ನಿಲ್ಲಬಹುದು ಅನ್ನುವುದನ್ನು ಅಂದಾಜಿಗೆ ಬಿಡಬೇಕಾಗಿಲ್ಲ. ಯುಎಸ್ ಸ್ಕ್ವಾಷ್ ಸಂಸ್ಥೆಯ ಕ್ಲಬ್ ಲಾಕರ್ ಎಂಬ ಆನ್‌ಲೈನ್ ತಾಣದಲ್ಲಿ ಟೂರ್ನಮೆಂಟ್ ಆಡುವ ಪ್ರತಿ ಮಗುವಿಗೂ ಒಂದು ರೇಟಿಂಗ್ ಇರುತ್ತದೆ, ಶಾಲಾ ಮ್ಯಾಚುಗಳ ಫಲಿತಾಂಶವೂ ಅಲ್ಲಿ ಸಿಗುತ್ತದೆ. ಒಂದು ಹಾಳೆ ತೆಗೆದುಕೊಂಡು ತಂಡದ ಮೊದಲ ಹತ್ತು ಜನರ ತರಗತಿ ಮತ್ತು ರೇಟಿಂಗ್ ಬರೆಯಿರಿ. ಹನ್ನೆರಡನೇ ತರಗತಿಯವರನ್ನು ಹೊಡೆದುಹಾಕಿ, ನಿಮ್ಮ ಮಗು ಸೇರುವ ಸೆಪ್ಟೆಂಬರಿಗೆ ಅವರು ಇರುವುದಿಲ್ಲ. ಉಳಿದವರ ನಡುವೆ ಮಗುವಿನ ರೇಟಿಂಗ್ ಇಟ್ಟು ನೋಡಿ. ಏಳರಲ್ಲಿ ನಾಲ್ವರು ಹನ್ನೆರಡನೆಯವರಾಗಿದ್ದರೆ ‘ಆಹಾ, ಜಾಗ ಖಾಲಿ’ ಅನಿಸುತ್ತದೆ. ಸ್ವಲ್ಪ ತಡೆಯಿರಿ. ಆ ಖಾಲಿ ಜಾಗ ಕೋಚಿಗೂ ಕಾಣುತ್ತಿರುತ್ತದೆ. ಒಂಬತ್ತಕ್ಕೆ ಇಬ್ಬರು, ಹತ್ತಕ್ಕೆ ಒಬ್ಬರು, ಜೊತೆಗೆ ಹನ್ನೆರಡು ಮುಗಿಸಿ ಇನ್ನೊಂದು ವರ್ಷ ಓದಲು ಬರುವ ಪಿಜಿ ವಿದ್ಯಾರ್ಥಿ ಒಬ್ಬರು ಹೀಗೆ ಅವರು ಆಗಲೇ ಮಾತುಕತೆಯಲ್ಲಿರಬಹುದು. ‘ಮುಂದಿನ ವರ್ಷಕ್ಕೆ ಯಾವ ಯಾವ ತರಗತಿಗೆ ಎಷ್ಟು ಆಟಗಾರರನ್ನು ನಿರೀಕ್ಷಿಸುತ್ತಿದ್ದೀರಿ?’ ಅಂತ ಬಾಯಿಬಿಟ್ಟು ಕೇಳಿ. ಹೆಸರು ಹೇಳುವುದಿಲ್ಲ, ಹೇಳಲೂಬಾರದು; ಸಂಖ್ಯೆ ಹೇಳುತ್ತಾರೆ.

ಇನ್ನು ಕೋರ್ಟನ್ನೇ ನೋಡೋಣ. ಕ್ಯಾಂಪಸ್ ಟೂರ್‌ನಲ್ಲಿ ಗಾಜಿನ ಹಿಂದೆ ನಿಲ್ಲಿಸಿ ಎರಡು ನಿಮಿಷ ತೋರಿಸಿ ಮುಂದೆ ಕರೆದೊಯ್ಯುತ್ತಾರೆ. ಅದು ಸಾಲದು. ಒಳಗೆ ಬಿಡಿ ಅನ್ನಿ. ಮಗುವಿನ ಹತ್ತಿರ ನೆಲಕ್ಕೆ ಗುರುತು ಬೀಳಿಸದ ಅಡಿಯ ಶೂ, ರಾಕೆಟ್, ಎರಡು ಹಳದಿ ಚುಕ್ಕೆಯ ಚೆಂಡು ಇರಲಿ.

ಮೊದಲು ಅಗಲ. ಅಂತರರಾಷ್ಟ್ರೀಯ ಸಿಂಗಲ್ಸ್ ಕೋರ್ಟ್ 6.4 ಮೀಟರ್ ಅಗಲ, 9.75 ಮೀಟರ್ ಉದ್ದ. ಅಮೆರಿಕನ್ ಅಳತೆಯಲ್ಲಿ 21 ಅಡಿಗೆ 32 ಅಡಿ. ಆದರೆ ಈ ದೇಶದಲ್ಲಿ 1990ರ ದಶಕದವರೆಗೂ ಗಟ್ಟಿ ಚೆಂಡಿನ ಹಾರ್ಡ್‌ಬಾಲ್ ಸ್ಕ್ವಾಷ್ ಚಾಲ್ತಿಯಲ್ಲಿತ್ತು, ಅದರ ಕೋರ್ಟ್ ಹದಿನೆಂಟೂವರೆ ಅಡಿ ಅಗಲ ಮಾತ್ರ. ಹಳೇ ಶಾಲೆಗಳಲ್ಲಿ ಕೆಲವು ಕೋರ್ಟನ್ನು ಅಗಲ ಮಾಡಿಸಿ, ಕೆಲವನ್ನು ಹಾಗೇ ಉಳಿಸಿಕೊಂಡಿರುವುದುಂಟು. ‘ಆರು ಕೋರ್ಟ್’ ಎಂದು ಬರೆದದ್ದರಲ್ಲಿ ಎರಡು ಕಿರಿದಾಗಿದ್ದರೆ ಅವು ಗೋಸ್ಟಿಂಗಿಗೂ ಹೊಸಬರಿಗೂ ಸರಿ, ಮ್ಯಾಚಿಗಲ್ಲ. ಎರಡೂವರೆ ಅಡಿ ಕಡಿಮೆ ಅಂದರೆ ಪಕ್ಕದ ಗೋಡೆಗೆ ಓಡುವ ಹೆಜ್ಜೆಯ ಎಣಿಕೆಯೇ ಬೇರೆ, ಕ್ರಾಸ್‌ಕೋರ್ಟ್ ಹೊಡೆತದ ಕೋನವೂ ಬೇರೆ. ಅಲ್ಲಿ ತಿಂಗಳುಗಟ್ಟಲೆ ಆಡಿದ ಮಗು ಪೂರ್ತಿ ಅಗಲದ ಕೋರ್ಟಿಗೆ ಹೋದಾಗ ಎಲ್ಲ ಚೆಂಡಿಗೂ ಒಂದು ಹೆಜ್ಜೆ ತಡವಾಗುತ್ತದೆ. ಟೇಪ್ ಹಿಡಿದು ಅಳೆಯಲು ಮುಜುಗರವಾದರೆ ಮಗುವಿನ ಹೆಜ್ಜೆ ಎಣಿಸಿ, ಪಕ್ಕದ ಕೋರ್ಟಿನ ಜೊತೆ ಹೋಲಿಸಿ.

ಆಮೇಲೆ ಚಳಿ. ಇದನ್ನು ಯಾರೂ ಕೇಳುವುದಿಲ್ಲ, ಆದರೆ ನ್ಯೂ ಇಂಗ್ಲೆಂಡಿನ ಜನವರಿಯಲ್ಲಿ ಇದೇ ದೊಡ್ಡ ಸಮಸ್ಯೆ. ಸ್ಕ್ವಾಷ್ ಚೆಂಡು 40 ಮಿಲಿಮೀಟರ್ ವ್ಯಾಸದ, 24 ಗ್ರಾಂ ತೂಕದ ಟೊಳ್ಳು ರಬ್ಬರ್. ಅದು ಪುಟಿಯುವುದು ಬಿಸಿಯಾದಾಗ ಮಾತ್ರ. ಎರಡು ಹಳದಿ ಚುಕ್ಕೆಯದ್ದಂತೂ ಎಲ್ಲಕ್ಕಿಂತ ನಿಧಾನದ ಚೆಂಡು. ಬಲವಾಗಿ, ಬಿಡುವಿಲ್ಲದೆ ಹೊಡೆಯುವವರ ಕೈಯಲ್ಲೇ ಅದು ಬೆಚ್ಚಗಿರುತ್ತದೆ. ಕೋರ್ಟ್ ಕೊರೆಯುತ್ತಿದ್ದರೆ ಹದಿನಾಲ್ಕು ವರ್ಷದ ಮಗು ಎಷ್ಟು ಹೊಡೆದರೂ ಚೆಂಡು ಸತ್ತುಬೀಳುತ್ತದೆ. ಹಿಂದಿನ ಗೋಡೆಯಿಂದ ಏಳುವುದೇ ಇಲ್ಲ. ಆಗ ಮಕ್ಕಳು ಉದ್ದದ ಡ್ರೈವ್ ಬಿಟ್ಟು ಮುಂದೆ ಚಿಪ್ ಮಾಡಿ ಪಾಯಿಂಟ್ ಕದಿಯುವುದನ್ನು ರೂಢಿಸಿಕೊಳ್ಳುತ್ತಾರೆ. ಬೆಚ್ಚಗಿನ ಕೋರ್ಟಿನಲ್ಲಿ, ಒಳ್ಳೇ ಎದುರಾಳಿಯ ಮುಂದೆ ಆ ಆಟ ಐದು ನಿಮಿಷವೂ ನಿಲ್ಲುವುದಿಲ್ಲ. ಸಾಧ್ಯವಾದರೆ ಭೇಟಿಯನ್ನು ಅಕ್ಟೋಬರಿನ ಬದಲು ಡಿಸೆಂಬರಿಗೆ ಇಟ್ಟುಕೊಳ್ಳಿ. ಚೆಂಡನ್ನು ನಾಲ್ಕೈದು ನಿಮಿಷ ಹೊಡೆದು ಬಿಸಿ ಮಾಡಿ, ಹಿಂದಿನ ಮೂಲೆಗೆ ಎತ್ತರದ, ಉದ್ದದ ಹೊಡೆತ ಹಾಕಿ ನೋಡಿ. ಹಿಂದಿನ ಗೋಡೆಗೆ ತಾಗಿ ಆಡುವಷ್ಟು ಎದ್ದರೆ ಸರಿ. ಏಳದಿದ್ದರೆ ಕೋಚನ್ನು ಕೇಳಿ: ಚಳಿಗಾಲದಲ್ಲಿ ಜೆವಿಗೆ ಹೆಚ್ಚು ಪುಟಿಯುವ, ಒಂದೇ ಚುಕ್ಕೆಯ ಚೆಂಡು ಕೊಡುತ್ತೀರಾ? ಕೊಡುತ್ತೇವೆ ಅನ್ನುವ ಕೋಚ್ ಯೋಚನೆ ಮಾಡುವವರು.

ನೆಲ ಮತ್ತು ಗೋಡೆ. ನೆಲ ಪಾಲಿಷ್ ಇಲ್ಲದ, ಕೆಳಗೆ ಸ್ವಲ್ಪ ಸ್ಪ್ರಿಂಗ್ ಕೊಡುವ ಮೇಪಲ್ ಅಥವಾ ಬೀಚ್ ಮರದ್ದಾಗಿರಬೇಕು. ವಾರ್ನಿಷ್ ಹಚ್ಚಿ ಹೊಳಪಿಸಿದ್ದರೆ ಫೋಟೋದಲ್ಲಿ ಚೆಂದ, ಬೆವರು ಬಿದ್ದರೆ ಜಾರುಬಂಡಿ. ಟಿ (ಕೋರ್ಟಿನ ನಡುವೆ ಗೆರೆಗಳು ಕೂಡುವ ಜಾಗ) ಹತ್ತಿರ ನಿಂತು ಹಿಮ್ಮಡಿಯಿಂದ ಒಮ್ಮೆ ಒದೆಯಿರಿ. ಕಾಂಕ್ರೀಟಿಗೆ ನೇರವಾಗಿ ಅಂಟಿಸಿದ ಹಲಗೆ ಸದ್ದಿನಲ್ಲೇ ಗೊತ್ತಾಗುತ್ತದೆ. ಅಂಥ ನೆಲದ ಮೇಲೆ ಬೆಳೆಯುವ ವಯಸ್ಸಿನ ಮಕ್ಕಳಿಗೆ ಮೊಣಕಾಲಿನ ಚಿಪ್ಪಿನ ಕೆಳಗೆ, ಹಿಮ್ಮಡಿಯಲ್ಲಿ, ಮುಂಗಾಲಿನ ಮೂಳೆಯಲ್ಲಿ ನೋವು ಶುರುವಾಗುವುದು ಬೇಗ. ಮುಂದಿನ ಗೋಡೆಯಲ್ಲಿ ಪ್ಲಾಸ್ಟರ್ ಎದ್ದಿದೆಯೇ, ಪ್ಯಾನೆಲ್ ಆಗಿದ್ದರೆ ಕೀಲುಗಳು ಬಾಯಿಬಿಟ್ಟಿವೆಯೇ ಎಂದು ಬೆರಳಾಡಿಸಿ. ಕೀಲಿಗೆ ತಾಗಿದ ಚೆಂಡು ಎಲ್ಲಿಗೆ ಹೋಗುತ್ತದೆಂದು ಬ್ರಹ್ಮನಿಗೂ ಗೊತ್ತಿರುವುದಿಲ್ಲ. ಟಿನ್ (ಮುಂದಿನ ಗೋಡೆಯ ಬುಡದ ಪಟ್ಟಿ, ಚೆಂಡು ಅದಕ್ಕೆ ತಾಗಿದರೆ ಔಟ್) ಎತ್ತರ 48 ಸೆಂಟಿಮೀಟರ್, ಅಂದರೆ 19 ಅಂಗುಲ. ವೃತ್ತಿಪರರದ್ದು ಎರಡು ಅಂಗುಲ ಕಡಿಮೆ. ಇಷ್ಟೆಲ್ಲ ಸರಿ ಇಲ್ಲದಿದ್ದರೂ ಶಾಲೆಯನ್ನು ತಳ್ಳಿಹಾಕಬೇಕಿಲ್ಲ, ರಿಪೇರಿ ಯಾವಾಗ ಅಂತ ಕೇಳಿದರೆ ಸಾಕು. ಉತ್ತರದಲ್ಲಿ ಒಂದು ವರ್ಷದ ಹೆಸರು ಬರಬೇಕು.

ಕೋಚ್ ವಿಷಯದಲ್ಲಿ ಜನ ಬಿರುದು ನೋಡಿ ಮಾರುಹೋಗುತ್ತಾರೆ. ಹಿಂದೆ ವಿಶ್ವ ರ‍್ಯಾಂಕಿಂಗಿನಲ್ಲಿದ್ದವರು ಹದಿಹರೆಯದವರಿಗೆ ಚೆನ್ನಾಗಿ ಕಲಿಸುತ್ತಾರೆ ಅನ್ನುವುದಕ್ಕೆ ಖಾತರಿ ಇಲ್ಲ. ಗಣಿತದ ಮೇಷ್ಟ್ರು ಕಲಿಸುವುದಿಲ್ಲ ಅನ್ನುವುದಕ್ಕೂ ಇಲ್ಲ. ಒಂದು ಅಭ್ಯಾಸ ಪೂರ್ತಿ ಕೂತು ನೋಡಿ, ಅದೂ ಲ್ಯಾಡರಿನ ಕೆಳತುದಿಯ ಕೋರ್ಟನ್ನು. ಮೇಲಿನ ಮೂವರಿಗೆ ಕೋಚ್ ಗಮನ ಕೊಟ್ಟೇ ಕೊಡುತ್ತಾರೆ. ಒಂಬತ್ತನೇ ನಂಬರಿನ ಮಗುವಿನ ಹತ್ತಿರ ಬಂದು ಚೆಂಡು ಫೀಡ್ ಮಾಡಿ ರಾಕೆಟ್ ಹಿಂದಕ್ಕೆ ಎತ್ತುವುದನ್ನು ತಿದ್ದುತ್ತಾರೆಯೇ? ಬೋಸ್ಟ್ (ಪಕ್ಕದ ಗೋಡೆಗೆ ತಾಗಿಸಿ ಮುಂದಿನ ಗೋಡೆಗೆ ಕಳಿಸುವ ಹೊಡೆತ) ಮತ್ತು ಡ್ರೈವ್, ಡ್ರಾಪ್ (ಮುಂದೆ ಮೆಲ್ಲಗೆ ಬೀಳಿಸುವ ಹೊಡೆತ) ಮತ್ತು ಡ್ರೈವ್ ಇಂಥ ಜೋಡಿ ಡ್ರಿಲ್ಲುಗಳಿಗೆ ಹೊತ್ತು ನಿಗದಿ ಇದೆಯೇ, ಅಥವಾ ಬಂದವರೆಲ್ಲ ಗೇಮ್ ಆಡಿ ಮನೆಗೆ ಹೋಗುತ್ತಾರೆಯೇ? ದಿನವೂ ಬರೀ ಗೇಮ್ ಆಡಿಸುವ ತಂಡದಲ್ಲಿ ಮಕ್ಕಳು ಖುಷಿಯಾಗಿರುತ್ತಾರೆ, ಬಂದಾಗ ಇದ್ದ ತಪ್ಪುಗಳೆಲ್ಲ ಮಾರ್ಚಿಗೆ ಇನ್ನೂ ಗಟ್ಟಿಯಾಗಿರುತ್ತವೆ. ರೆಫರಿ ಮಾಡುವುದನ್ನು ಕಲಿಸುತ್ತಾರೋ ಅದನ್ನೂ ಗಮನಿಸಿ. ಶಾಲಾ ಮ್ಯಾಚುಗಳಲ್ಲಿ ಮಕ್ಕಳೇ ರೆಫರಿ. ಅಡ್ಡಿಯಾದಾಗ ಲೆಟ್ (ಮತ್ತೆ ಆಡುವುದು) ಯಾವುದು, ಸ್ಟ್ರೋಕ್ (ಅಡ್ಡಿಗೊಳಗಾದವರಿಗೆ ಪಾಯಿಂಟ್) ಯಾವುದು ಅನ್ನುವುದು ಗೊತ್ತಿಲ್ಲದ ತಂಡದ ಮ್ಯಾಚು ಜಗಳದಲ್ಲಿ ಮುಗಿಯುತ್ತದೆ. ಕೋಚ್ ಈ ಶಾಲೆಗೆ ಬಂದು ಎಷ್ಟು ವರ್ಷವಾಯಿತು ಅನ್ನುವುದನ್ನೂ ಕೇಳಿ. ನಾಲ್ಕು ವರ್ಷಕ್ಕೆ ಮೂವರು ಕೋಚುಗಳು ಬದಲಾಗಿದ್ದರೆ ನೀವು ಮೆಚ್ಚಿಕೊಂಡ ಈ ಮನುಷ್ಯ ನಿಮ್ಮ ಮಗುವಿನ ಕಾಲಕ್ಕೆ ಇರುವುದು ಅನುಮಾನ.

ಸೀಸನ್ ಇಲ್ಲದ ತಿಂಗಳುಗಳ ಬಗ್ಗೆ ಇಷ್ಟೇ ಗಮನ ಬೇಕು, ಏಕೆಂದರೆ ಮಗು ಬೆಳೆಯುವುದು ಆಗಲೇ. ಬೋರ್ಡಿಂಗ್ ಶಾಲೆಗಳಲ್ಲಿ ಮಧ್ಯಾಹ್ನದ ಆಟ ಕಡ್ಡಾಯ ಅನ್ನುವ ನಿಯಮ ಸಾಮಾನ್ಯ: ಶರತ್ಕಾಲಕ್ಕೊಂದು, ಚಳಿಗಾಲಕ್ಕೊಂದು, ವಸಂತಕ್ಕೊಂದು. ಸೆಪ್ಟೆಂಬರಿನಲ್ಲಿ ಸಾಕರ್ ಅಥವಾ ಕ್ರಾಸ್ ಕಂಟ್ರಿ ಓಟ ಆರಿಸಿಕೊಂಡ ಮಗು ಆರು ಗಂಟೆಗೆ ಸುಸ್ತಾಗಿ ಬರುತ್ತದೆ. ಊಟ, ಎಂಟರಿಂದ ಹತ್ತರ ಸ್ಟಡಿ ಹಾಲ್, ಅಲ್ಲಿಗೆ ದಿನ ಮುಗಿಯಿತು. ಯುಎಸ್ ಸ್ಕ್ವಾಷ್ ಟೂರ್ನಮೆಂಟುಗಳು ಮಾತ್ರ ಸೆಪ್ಟೆಂಬರಿನಿಂದಲೇ ಶುರು. ಹೀಗಾಗಿ ಕೇಳಬೇಕಾದ ಪ್ರಶ್ನೆ ಕೋರ್ಟು ತೆರೆದಿರುತ್ತದೆಯೇ ಅನ್ನುವುದಲ್ಲ, ಎಲ್ಲರೂ ‘ಹೌದು, ಯಾವಾಗಲೂ ತೆರೆದಿರುತ್ತದೆ’ ಅನ್ನುತ್ತಾರೆ. ಶರತ್ಕಾಲದಲ್ಲಿ ಆಟದ ಕಡ್ಡಾಯದಿಂದ ಸ್ಕ್ವಾಷ್ ಹುಡುಗರಿಗೆ ವಿನಾಯಿತಿ ಇದೆಯೇ, ಯಾವ ತರಗತಿಯಿಂದ, ಆ ಹೊತ್ತಿನಲ್ಲಿ ಕೋಚ್ ಕಲಿಸಬಹುದೇ ಅಥವಾ ನಾಯಕರೇ ಅಭ್ಯಾಸ ನಡೆಸಬೇಕೇ ಅನ್ನುವುದು. ಕೋಚ್ ಶರತ್ಕಾಲದಲ್ಲಿ ಬೇರೆ ಆಟಕ್ಕೂ ಕೋಚ್ ಆಗಿದ್ದರೆ ಉತ್ತರ ಅಲ್ಲೇ ಸಿಕ್ಕಿತು.

ಅದರ ಬೆನ್ನಿಗೇ ವಾರಾಂತ್ಯದ ಪ್ರಶ್ನೆ ಬರುತ್ತದೆ. ಜೂನಿಯರ್ ಟೂರ್ನಮೆಂಟುಗಳು ಬ್ರಾಂಜ್, ಸಿಲ್ವರ್, ಗೋಲ್ಡ್ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇವೆ, ಅದಕ್ಕೂ ಮೇಲೆ ಚಾಂಪಿಯನ್‌ಶಿಪ್ ಟೂರ್; ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ ನಡೆಯುತ್ತವೆ. ಎಷ್ಟೋ ಬೋರ್ಡಿಂಗ್ ಶಾಲೆಗಳಲ್ಲಿ ಶನಿವಾರ ಬೆಳಿಗ್ಗೆ ತರಗತಿ, ಮಧ್ಯಾಹ್ನ ತಂಡದ ಮ್ಯಾಚು. ಎರಡೂ ಒಂದೇ ದಿನ ಬಿದ್ದರೆ ಯಾವುದಕ್ಕೆ ಮೊದಲ ಆದ್ಯತೆ? ವರ್ಷಕ್ಕೆ ಎಷ್ಟು ಶನಿವಾರ ರಜೆ ಕೊಡುತ್ತಾರೆ? ಕರೆದೊಯ್ಯುವವರು ಯಾರು: ಶಾಲೆಯ ವ್ಯಾನೋ, ಎರಡು ರಾಜ್ಯ ದಾಟಿ ಬರಬೇಕಾದ ನೀವೋ? ಇದನ್ನು ಸೇರುವ ಮೊದಲೇ ಇಮೇಲಿನಲ್ಲಿ ಬರೆಸಿಕೊಂಡರೆ ಆಮೇಲೆ ಡಾರ್ಮಿನ ಮೇಲ್ವಿಚಾರಕರ ಜೊತೆ ವಾದ ತಪ್ಪುತ್ತದೆ. ಫೆಬ್ರವರಿಯ ರಾಷ್ಟ್ರೀಯ ಶಾಲಾ ತಂಡಗಳ ಚಾಂಪಿಯನ್‌ಶಿಪ್‌ಗೆ ಹೋಗುತ್ತಾರೋ ಇಲ್ಲವೋ ಕೇಳಿ. ಅದು ಮಟ್ಟಕ್ಕೆ ತಕ್ಕಂತೆ ಡಿವಿಜನ್‌ಗಳಾಗಿ ನಡೆಯುತ್ತದೆ, ಆದ್ದರಿಂದ ಸಾಧಾರಣ ತಂಡಕ್ಕೂ ಅಲ್ಲಿ ಸರಿಜೋಡಿ ಸಿಗುತ್ತದೆ.

ಡೇ ಸ್ಕೂಲಾದರೆ ಈ ತಲೆಬಿಸಿ ಅರ್ಧ ಇಳಿಯುತ್ತದೆ. ಮಗು ಮನೆಯಲ್ಲಿರುತ್ತದೆ, ಕ್ಲಬ್ಬಿನ ಹಳೇ ಕೋಚ್ ಕೈತಪ್ಪುವುದಿಲ್ಲ, ಶಾಲೆಯ ತಂಡ ಅದರ ಮೇಲಿನ ಹೆಚ್ಚುವರಿ. ಹಾಗಾಗಿ ಡೇ ಸ್ಕೂಲಿನಲ್ಲಿ ಶಾಲೆಯ ಕೋಚ್ ಸುಮಾರಾಗಿದ್ದರೂ ನಡೆಯುತ್ತದೆ, ಬೋರ್ಡಿಂಗಿನಲ್ಲಿ ನಡೆಯುವುದಿಲ್ಲ. ಅಲ್ಲಿ ಅವರೊಬ್ಬರೇ ದಿಕ್ಕು. ಆದರೆ ಕ್ಲಬ್ ಕೋಚ್ ಮತ್ತು ಶಾಲೆಯ ಕೋಚ್ ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬರುವುದು, ಮಗು ಇಬ್ಬರ ನಡುವೆ ಎರಡು ರೀತಿ ಗ್ರಿಪ್ ಹಿಡಿಯುವುದು ಡೇ ಸ್ಕೂಲಿನ ರೋಗ. ಮೊದಲ ವಾರದಲ್ಲೇ ಇಬ್ಬರಿಗೂ ಒಂದು ಫೋನ್ ಮಾತುಕತೆ ಮಾಡಿಸಿ.

ಹುಡುಗಿಯರಿಗೆ ಶಾಲೆ ನೋಡುವಾಗ ಹುಡುಗರ ತಂಡದ ಹೆಸರನ್ನು ಪಕ್ಕಕ್ಕಿಡಿ. ಬೇರೆ ಕೋಚ್, ಬೇರೆ ಲ್ಯಾಡರ್, ಬೇರೆ ಪಾಳಿ ಇರುತ್ತದೆ. ಒಳ್ಳೇ ಪಾಳಿ ವಾರ ಬಿಟ್ಟು ವಾರ ಅದಲುಬದಲಾಗುತ್ತದೆಯೇ ಎಂದು ಕೋಚನ್ನಲ್ಲ, ತಂಡದ ಹುಡುಗಿಯರನ್ನೇ ಕೇಳಿ.

ಅರ್ಜಿಯ ಕ್ಯಾಲೆಂಡರ್ ಹೀಗೆ ಸಾಗುತ್ತದೆ. ಎಂಟನೇ ತರಗತಿ ಶುರುವಾಗುವ ಮುಂಚಿನ ಬೇಸಿಗೆಯಲ್ಲೇ ಕೋಚಿಗೆ ಮೊದಲ ಇಮೇಲ್, ಅದನ್ನು ಮಗುವೇ ಬರೆಯಲಿ. ಹುಟ್ಟಿದ ವರ್ಷ, ಸೇರುವ ತರಗತಿ, ರೇಟಿಂಗ್, ಈಗಿನ ಕೋಚಿನ ಹೆಸರು, ಅಂಕಗಳ ಒಂದು ಸಾಲು, ವಿಡಿಯೋ ಕೊಂಡಿ. ಹತ್ತು ಸಾಲು ದಾಟದಿರಲಿ. ವಿಡಿಯೋ ಬಗ್ಗೆ ಒಂದು ಮಾತು. ಗೆದ್ದ ಹೊಡೆತಗಳನ್ನೆಲ್ಲ ಕತ್ತರಿಸಿ, ಸಂಗೀತ ಹಾಕಿ ಕಳಿಸುವವರೇ ಹೆಚ್ಚು. ಕೋಚಿಗೆ ಬೇಕಿರುವುದು ಹೊಡೆತದ ಆಮೇಲಿನದು: ಮಗು ಟಿಗೆ ಮರಳುತ್ತದೆಯೇ, ಸೋಲುವಾಗ ಮುಖ ಹೇಗಿರುತ್ತದೆ, ಲೆಟ್ ಸಿಗದಿದ್ದಾಗ ಏನು ಮಾಡುತ್ತದೆ. ಸರಿಸಮಾನ ಎದುರಾಳಿಯ ಜೊತೆಗಿನ ಒಂದು ಪೂರ್ತಿ ಗೇಮ್, ಕತ್ತರಿ ಹಾಕದೆ, ಹಿಂದಿನ ಗಾಜಿನ ನಡುವಿನಿಂದ ತಲೆಮಟ್ಟಕ್ಕಿಂತ ಎತ್ತರದಲ್ಲಿ ಕ್ಯಾಮೆರಾ ಇಟ್ಟು ತೆಗೆದದ್ದು ಸಾಕು. ಅಂಗಿಯ ಬಣ್ಣ ಬರೆಯಿರಿ, ಇಲ್ಲದಿದ್ದರೆ ಎದುರಾಳಿಯನ್ನೇ ಮೆಚ್ಚಿಕೊಂಡುಬಿಟ್ಟಾರು. ಸೆಪ್ಟೆಂಬರಿನಿಂದ ಡಿಸೆಂಬರಿನೊಳಗೆ ಭೇಟಿ, ಸಂದರ್ಶನ, ಪ್ರವೇಶ ಪರೀಕ್ಷೆ. ಎಷ್ಟೋ ಬೋರ್ಡಿಂಗ್ ಶಾಲೆಗಳಿಗೆ ಅರ್ಜಿಯ ಕೊನೇ ದಿನ ಜನವರಿ 15ರ ಆಸುಪಾಸು, ಫಲಿತಾಂಶ ಮಾರ್ಚ್ 10, ಒಪ್ಪಿಗೆ ತಿಳಿಸಲು ಏಪ್ರಿಲ್ 10.

ಈ ನಡುವೆ ಕೋಚುಗಳು ತುಂಬ ಪ್ರೀತಿಯಿಂದ ಮಾತಾಡುತ್ತಾರೆ. ‘ನಿಮ್ಮ ಮಗು ನಮ್ಮ ತಂಡಕ್ಕೆ ಹೇಳಿ ಮಾಡಿಸಿದಂತಿದೆ’ ಅನ್ನುವುದು ಮೂಗಿಗೆ ತುಪ್ಪ ಸವರುವ ಮಾತು, ಎಲ್ಲರಿಗೂ ಹೇಳುತ್ತಾರೆ. ಸೀಟು ಕೊಡುವುದು ಪ್ರವೇಶ ಕಚೇರಿ. ಕೋಚ್ ಕೆಲವೇ ಹೆಸರುಗಳನ್ನು ಒತ್ತಿ ಹೇಳಬಹುದು. ‘ನೀವು ಈ ವರ್ಷ ಎಷ್ಟು ಜನರನ್ನು ಬೆಂಬಲಿಸುತ್ತೀರಿ, ಆ ಪಟ್ಟಿಯಲ್ಲಿ ನಮ್ಮ ಮಗು ಇದೆಯೇ?’ ಎಂದು ಡಿಸೆಂಬರಿನಲ್ಲಿ ನೇರವಾಗಿ ಕೇಳುವುದು ಅಪಚಾರವಲ್ಲ. ಉತ್ತರ ತೇಲಿಸಿದರೆ ಇಲ್ಲ ಎಂದೇ ಲೆಕ್ಕ ಹಿಡಿದು ಇನ್ನೆರಡು ಶಾಲೆಗೆ ಅರ್ಜಿ ಹಾಕಿ.

ಹಣದ ವಿಷಯ. ಹೆಸರುವಾಸಿ ಬೋರ್ಡಿಂಗ್ ಶಾಲೆಗಳ ವರ್ಷದ ವೆಚ್ಚ ಈಗ 70,000 ಡಾಲರಿನ ಆಸುಪಾಸಿನಲ್ಲಿದೆ. ಸ್ಕ್ವಾಷ್ ಚೆನ್ನಾಗಿ ಆಡಿದರೆ ಸ್ಕಾಲರ್‌ಶಿಪ್ ಸಿಗುತ್ತದೆ ಅನ್ನುವ ಎಣಿಕೆ ಬೇಡ. ಈ ಶಾಲೆಗಳಲ್ಲಿ ನೆರವು ಕುಟುಂಬದ ಆದಾಯ ನೋಡಿ ಕೊಡುವಂಥದ್ದು, ಅದಕ್ಕೆ ಬೇರೆ ಅರ್ಜಿ, ತೆರಿಗೆ ಕಾಗದಪತ್ರ, ಬೇರೆ ಕೊನೇ ದಿನ. ನೆರವು ಬೇಕಿದ್ದರೆ ಮೊದಲ ವರ್ಷವೇ ಕೇಳಿ, ಸೇರಿದ ಮೇಲೆ ಕೇಳಿದರೆ ಸಿಗುವುದು ಕಷ್ಟ. ರಾಕೆಟ್ ತಂತಿ, ಶೂ, ಟೂರ್ನಮೆಂಟ್ ಶುಲ್ಕ, ಹೋಟೆಲ್ ಇವೆಲ್ಲ ಆ ಮೊತ್ತದ ಹೊರಗೆ. ಶಾಲೆಯಲ್ಲಿ ತಂತಿ ಕಟ್ಟುವ ಯಂತ್ರ ಇದೆಯೇ ನೋಡಿ. ಬುಧವಾರ ಬೆಳಿಗ್ಗೆ ತಂತಿ ಹರಿದರೆ ಅದರ ಬೆಲೆ ಗೊತ್ತಾಗುತ್ತದೆ. ಹೇಗೂ ಕೈಯಲ್ಲಿ ಎರಡು ರಾಕೆಟ್ ಇರಲೇಬೇಕು.

ಕಾಲೇಜಿನ ಆಸೆಯಿಂದ ಈ ದಾರಿ ಹಿಡಿದವರಿಗೂ ಒಂದಿಷ್ಟು. ಹಾರ್ವರ್ಡ್, ಯೇಲ್ ಇಂಥ ಐವಿ ಲೀಗ್ ಕಾಲೇಜುಗಳು ಕ್ರೀಡಾ ಸ್ಕಾಲರ್‌ಶಿಪ್ ಕೊಡುವುದಿಲ್ಲ, ಕಾಲೇಜು ಕ್ರೀಡೆಗಳ ಮೂರನೇ ಡಿವಿಜನ್ನಿನ ಕಾಲೇಜುಗಳೂ ಕೊಡುವುದಿಲ್ಲ. ಸ್ಕ್ವಾಷ್ ಇರುವ ಕಾಲೇಜುಗಳಲ್ಲಿ ಹೆಚ್ಚಿನವು ಈ ಎರಡು ಗುಂಪಿನವೇ. ಕಾಲೇಜು ಮ್ಯಾಚಿನಲ್ಲಿ ಒಂಬತ್ತು ಜನ ಲೆಕ್ಕಕ್ಕೆ, ಹಾಗಾಗಿ ಒಂದೊಂದು ಕಾಲೇಜು ವರ್ಷಕ್ಕೆ ತೆಗೆದುಕೊಳ್ಳುವುದು ಬೆರಳೆಣಿಕೆಯಷ್ಟು. ಆ ಬೆರಳೆಣಿಕೆಗೆ ಈಜಿಪ್ಟ್, ಇಂಗ್ಲೆಂಡ್, ಮಲೇಷ್ಯಾ, ನಮ್ಮ ಭಾರತದ ಮಕ್ಕಳೂ ಪೈಪೋಟಿ. ಹಾರ್ಟ್‌ಫರ್ಡಿನ ಟ್ರಿನಿಟಿ ಕಾಲೇಜು 1998ರಿಂದ 2012ರವರೆಗೆ ಸತತ 252 ಮ್ಯಾಚು ಗೆದ್ದ ಕಾಲದ ತಂಡದ ಪಟ್ಟಿ ತೆಗೆದು ನೋಡಿ, ಎಷ್ಟು ದೇಶಗಳ ಮಕ್ಕಳಿದ್ದರೆಂದು ತಿಳಿಯುತ್ತದೆ. ಸ್ಕ್ವಾಷ್ ಬಾಗಿಲು ತೆಗೆಯುತ್ತದೆ ನಿಜ, ಆದರೆ ಅಂಕಗಳು ಆಗಲೇ ಬಾಗಿಲವರೆಗೆ ತಂದು ನಿಲ್ಲಿಸಿದ ಮಗುವಿಗೆ. ಮೊಣಕಾಲು ಕೈಕೊಟ್ಟು ಒಂದು ವರ್ಷ ಆಡಲಾಗದಿದ್ದರೂ ಈ ಶಾಲೆಯಲ್ಲಿ ಇರಲು ಮಗುವಿಗೆ ಮನಸ್ಸಿದೆಯೇ ಎಂದು ಅದನ್ನೇ ಕೇಳಿ, ನೀವು ಉತ್ತರಿಸಬೇಡಿ.

ಕಣ್ಣಿನ ರಕ್ಷಣೆಯಲ್ಲಿ ಮಾತ್ರ ರಾಜಿ ಇಲ್ಲ. ಸ್ಕ್ವಾಷ್ ಚೆಂಡು ಕಣ್ಣಿನ ಗೂಡಿನೊಳಗೆ ಸರಿಯಾಗಿ ಕೂರುವ ಗಾತ್ರದ್ದು. ರಾಕೆಟ್ ಆಟಗಳಿಗೆಂದೇ ಇರುವ ಎಎಸ್‌ಟಿಎಂ (ಅಮೆರಿಕದ ಮಾನದಂಡ ಸಂಸ್ಥೆ) ಮಾನದಂಡದ ಗಾಗಲ್ ಬೇಕು; ಓದುವ ಕನ್ನಡಕ ಲೆಕ್ಕಕ್ಕಿಲ್ಲ, ಗಾಜು ಒಡೆದರೆ ಅದೇ ಅಪಾಯ. ಮ್ಯಾಚಿನಲ್ಲಿ ಎಲ್ಲರೂ ಹಾಕುತ್ತಾರೆ. ಅಭ್ಯಾಸದಲ್ಲಿ ಹಣೆಯ ಮೇಲೆ ಏರಿಸಿಕೊಂಡಿದ್ದರೆ ಮತ್ತು ಕೋಚ್ ಸುಮ್ಮನಿದ್ದರೆ, ಆ ಶಾಲೆಯ ಶಿಸ್ತಿನ ಬಗ್ಗೆ ಬೇರೆ ಸಾಕ್ಷಿ ಬೇಕಿಲ್ಲ.

ಮಾರ್ಚ್ 10ರಂದು ಎರಡು ಮೂರು ಶಾಲೆಯಿಂದ ಒಪ್ಪಿಗೆ ಬಂತು ಅನ್ನಿ. ಏಪ್ರಿಲ್ ಮೊದಲ ವಾರಕ್ಕೆ ಮತ್ತೊಮ್ಮೆ ಬನ್ನಿ ಎಂದು ಕರೆಯುತ್ತಾರೆ. ಬಲೂನು, ಟೀ ಶರ್ಟು, ಭಾಷಣ ಎಲ್ಲ ಇರುತ್ತದೆ. ಸಂಜೆ ನಾಲ್ಕಕ್ಕೆ ಗುಂಪಿನಿಂದ ಜಾರಿಕೊಂಡು ಸ್ಕ್ವಾಷ್ ಕಟ್ಟಡಕ್ಕೆ ಹೋಗಿ. ಸೀಸನ್ ಮುಗಿದು ತಿಂಗಳಾಗಿರುತ್ತದೆ. ದೀಪ ಹಾಕಿದೆಯೇ, ಯಾರಾದರೂ ಆಡುತ್ತಿದ್ದಾರೆಯೇ, ಬಾಗಿಲಿಗೆ ಬೀಗವೇ? ಎಂಟನೆಯದೋ ಒಂಬತ್ತನೆಯದೋ ನಂಬರಿನ ವಿದ್ಯಾರ್ಥಿಯ ಜೊತೆ ಅರ್ಧ ಗಂಟೆ ಆಡಲು ಮಗುವಿಗೆ ವ್ಯವಸ್ಥೆ ಮಾಡಿಕೊಡಿ ಎಂದು ಕೋಚನ್ನು ಮುಂಚೆಯೇ ಕೇಳಿಕೊಂಡಿರಿ. ಆಟ ಮುಗಿದ ಮೇಲೆ ಆ ವಿದ್ಯಾರ್ಥಿ ಮಗುವಿಗೆ ಹೇಳುವ ಹತ್ತು ಮಾತಿನಲ್ಲಿ ಕೋಚ್ ಎರಡು ತಿಂಗಳು ಇಮೇಲಿನಲ್ಲಿ ಹೇಳದ್ದು ಇರುತ್ತದೆ. ಆಮೇಲೆ ಕರಾರು ಪತ್ರ ಓದಿ. ಮುಂಗಡ ಕಟ್ಟಿ, ನಿಗದಿತ ದಿನ ದಾಟಿದ ಮೇಲೆ ಮನಸ್ಸು ಬದಲಾಯಿಸಿದರೆ ಇಡೀ ವರ್ಷದ ಶುಲ್ಕ ಕೊಡಬೇಕು ಅನ್ನುವ ಷರತ್ತು ಅದರಲ್ಲಿ ಸಾಮಾನ್ಯವಾಗಿ ಇರುತ್ತದೆ. ಆ ದಿನಾಂಕವನ್ನೂ ಶುಲ್ಕ ವಾಪಸಾತಿ ವಿಮೆಯ ಪುಟವನ್ನೂ ಗುರುತು ಮಾಡಿಕೊಂಡು ಸಹಿ ಹಾಕಿ.